ಹರಳಿನ ಕೋಣೆಯ ಫ್ಯಾನು

"ಅಯ್ಯೋ! ಯಾರ್ರೀ ಫ್ಯಾನ್ ಹಾಕಿದ್ದು? ಆರಿಸ್ರೀ ಮೊದಲು!"

ಊಟ ಮುಗಿಸಿ ಬಂದ ಪ್ರೇಮಲೀಲಾ ತನ್ನ ಪ್ರಯೋಗಾಲಯದ ಬಾಗಿಲಲ್ಲೇ ಕೂಗಿದಳು. ಕುರ್ಚಿಯಲ್ಲಿ ಕಾದು ಕುಳಿತಿದ್ದ ಅಪರಿಚಿತ ಗಡಬಡಿಸಿ ಎದ್ದು ಸ್ವಿಚ್ಚು ಆರಿಸಿದ. ಆದರೆ ಆಗಬಾರದ್ದು ಆಗಿಹೋಗಿತ್ತು.

ಗಾಜಿನ ಪಾತ್ರೆಯ ಬೆಚ್ಚನೆಯ ದ್ರಾವಣದಲ್ಲಿ, ದಾರಕ್ಕೆ ತೂಗಿಬಿಟ್ಟ ಹರಳೊಂದು ಬೆಳೆಯುತ್ತಿತ್ತು. ದ್ರಾವಣ ನಿಧಾನವಾಗಿ ತಣಿದರೆ ಮಾತ್ರ ಹರಳು ತಿಳಿಯಾಗುತ್ತದೆ. ಫ್ಯಾನಿನ ಗಾಳಿಗೆ ಅದು ಗಕ್ಕನೆ ತಣಿದು, ಸಕ್ಕರೆಯಂಥ ಪುಡಿ ಹರಳುಗಳು ಎಲ್ಲೆಡೆ ಕವಿದಿದ್ದವು. ಅಷ್ಟು ದಿನದ ಕೆಲಸ ನೀರುಪಾಲು!

"ಹಾಳ್ ಮಾಡ್ಬುಟ್ರಲ್ಲಾ..." ಅವಳ ಕಣ್ಣು ತುಂಬಿತು.

"ಬಿಸಿಲಲ್ಲಿ ಬರ್ತೀರಲ್ಲ, ರೂಮು ತಂಪಾಗಿರಲಿ ಅಂತ... ನಾನು ಷಡಕ್ಷರಿ. ಬೆಂಗಳೂರಿಂದ ಬಂದಿದ್ದೀನಿ. ಯುದ್ಧವಿಮಾನದ ಗನ್ನಿಗೆ ಗುರಿ ತೋರಿಸೋ ಉಪಕರಣ ಮಾಡ್ತಿದ್ದೀವಿ. ಅದಕ್ಕೆ ಬೇಕಾಗಿದ್ದು... ಇದೇ ಹರಳು."

ತನಗೆ ಬೇಕಾದ್ದನ್ನು ತಾನೇ ಕೆಡಿಸಿದ್ದ ಮಹಾರಾಯ! ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಹೊಸ ದಾರ ಕಟ್ಟಿದಳು. ಅಂದಿನಿಂದ ಪ್ರತಿ ಶನಿವಾರ ಷಡಕ್ಷರಿ ಬೆಳಗಿನ ರೈಲಿಗೆ ಮೈಸೂರಿಗೆ ಬಂದು ಹರಳು ನೋಡುತ್ತಿದ್ದ. ಬೆವರು ಕಿತ್ತುಕೊಂಡು ಬಂದರೂ ಫ್ಯಾನಿನ ಕಡೆ ತಲೆಯೆತ್ತುತ್ತಿರಲಿಲ್ಲ, ಪಾಪ. ಇಬ್ಬರೂ ಒಂದೇ ಫ್ಲಾಸ್ಕಿನ ಮಜ್ಜಿಗೆ ಹಂಚಿಕೊಂಡು ಕುಡಿಯುತ್ತಿದ್ದರು. ಅವಳಿಗೆ ಶನಿವಾರ ಯಾವಾಗ ಬರುತ್ತದೋ ಅನ್ನಿಸತೊಡಗಿತು.

ಆದರೆ ಹೊರಡುವಾಗ ಅವನದು ಒಂದೇ ಪ್ರಶ್ನೆ.

"ಯಾವಾಗ ಮುಗಿಯುತ್ತೆ, ಪ್ರೇಮಲೀಲಾ ಅವರೇ?"

'ಇವರಿಗೆ ಹರಳೊಂದೇ ಬೇಕು... ಅದು ಸಿಕ್ಕಮೇಲೆ ಇತ್ತ ತಿರುಗಿಯೂ ನೋಡೋದಿಲ್ಲ!'

ಹುಡುಗಿ ಏನು ಮಾಡಿದಳು ಗೊತ್ತೇ? ದ್ರಾವಣವನ್ನು ಇನ್ನೂ ನಿಧಾನವಾಗಿ ತಣಿಸತೊಡಗಿದಳು. ನಾಲ್ಕು ಶನಿವಾರವಾದರೂ ಹೆಚ್ಚು ಸಿಗಲಿ ಎಂಬ ಆಸೆ ಅವಳದು.

ಕೊನೆಗೂ ಹರಳು ಪಾತ್ರೆಯಿಂದ ಹೊರಬಂತು. ಷಡಕ್ಷರಿ ಅದನ್ನು ಕಿಟಕಿಗೆ ಹಿಡಿದ. ಅದರಾಚೆ ಚಾಮುಂಡಿ ಬೆಟ್ಟ ಒಂದಿಷ್ಟೂ ಕದಡದೆ ಕಾಣುತ್ತಿತ್ತು.

"ಇಷ್ಟು ತಿಳಿಯಾದ ಹರಳು ನಾನು ನೋಡೇ ಇಲ್ಲ ಕಣ್ರೀ!"

"ತಗೊಂಡು ಹೋಗಿ. ಇನ್ನು ಬರೋ ಕಷ್ಟ ನಿಮಗಿಲ್ಲ." ಅವಳು ಮುಖ ತಿರುಗಿಸಿದಳು.

"ಯಾಕ್ರೀ ಕೋಪ?"

"ವಾರವಾರ 'ಯಾವಾಗ ಮುಗಿಯುತ್ತೆ' ಅಂತಿದ್ರಲ್ಲ! ಹೋಗೋ ಆತುರ ತಾನೇ?"

ಷಡಕ್ಷರಿ ಹರಳನ್ನು ಹತ್ತಿಯ ಮೇಲೆ ಮೆಲ್ಲಗೆ ಇಟ್ಟ.

"ಹೋಗೋದಕ್ಕಲ್ಲ... ಕೇಳೋದಕ್ಕೆ. ಕೆಲಸ ನಡೀತಿರುವಾಗ ಕೇಳಿದ್ರೆ, ದಾಕ್ಷಿಣ್ಯಕ್ಕೆ ಬಿದ್ದು ಇಲ್ಲ ಅನ್ನೋಕೂ ನಿಮಗೆ ಆಗ್ತಿರಲಿಲ್ಲ. ಇವತ್ತು ಕೇಳ್ತಿದ್ದೀನಿ. ಅವ್ವನ್ನ ಕರ್ಕೊಂಡು ಬನ್ನಿಮಂಟಪಕ್ಕೆ, ನಿಮ್ಮನೆಗೆ ಬರ್ಲಾ?"

ಪ್ರೇಮಲೀಲಾ ಹಣೆ ಚಚ್ಚಿಕೊಂಡಳು. 'ಇಷ್ಟು ದಿನ ಈ ಪ್ರಶ್ನೆಯನ್ನು ನಾನೇ ಮುಂದೂಡುತ್ತಿದ್ದೆನಲ್ಲಾ!'

"ಒಂದು ಹೇಳ್ಲಾ? ಹರಳು ಇನ್ನೂ ಬೇಗ ಆಗ್ತಿತ್ತು. ನಾನೇ ಬೇಕಂತ ನಿಧಾನ ಮಾಡ್ದೆ... ನೀವು ಬರ್ತಾ ಇರ್ಲಿ ಅಂತ."

ಅವನು ಬಿದ್ದೂಬಿದ್ದೂ ನಕ್ಕ. "ಅದಕ್ಕೇ ಇಷ್ಟು ತಿಳಿಯಾಗಿದೆ! ಹಂಗಾದ್ರೆ... ಬರ್ಲಾ?"

ಅವಳು ಸೆರಗಿನಿಂದ ಹಣೆಯೊರೆಸಿ, ಮೇಲೆ ನೋಡಿದಳು.

"ಮೊದಲು ಆ ಫ್ಯಾನ್ ಹಾಕ್ರೀ. ಅತ್ತೆ ಬಂದಾಗ ಏನು ಉಡ್ಬೇಕು ಅಂತ ಕೂತು ಯೋಚನೆ ಮಾಡ್ಬೇಕು."