ಎರಡನೇ ರಿಮೋಟು

"ಕೈ ಕೊಡಿ," ಎಂದಳು ಅವಳು, ಫೈಲಿನಿಂದ ತಲೆ ಎತ್ತದೆ.

ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತು ಅದು. ಪೆಟ್ಟು ತಿಂದ ಕೈಗಳಿಗೆ ಮತ್ತೆ ಕೆಲಸ ಕಲಿಸುವುದೇ ಆಸ್ಪತ್ರೆಯಲ್ಲಿ ಅವಳ ಉದ್ಯೋಗ.

"ಕೊಡ್ತೀನಿ. ಆದ್ರೆ ಕೈ ಕೊಟ್ಟೋನು ಅಂತ ಒಂದ್ಸಲ ಹೆಸರು ಕೆಟ್ಟಿದೆ ನಂದು... ಅಲ್ವಾ ಕ್ಯಾಪ್ಟನ್?"

ಅವಳ ಪೆನ್ನು ನಿಂತಿತು.

ಅವಳನ್ನು ಕ್ಯಾಪ್ಟನ್ ಎಂದು ಕರೆದವನು ಈ ಲೋಕದಲ್ಲಿ ಒಬ್ಬನೇ. ಇಪ್ಪತ್ತು ವರ್ಷದ ಹಿಂದಿನ ಪಕ್ಕದ ಮನೆಯ ಹುಡುಗ. ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ, ಹೆಬ್ಬೆರಳಿಗೆ ಉದ್ದಕ್ಕೂ ಹೊಲಿಗೆ ಬಿದ್ದಿದೆ. ಕಣ್ಣಲ್ಲಿ ಮಾತ್ರ ಅದೇ ಹಳೆಯ ತುಂಟತನ.

"ಇಲ್ಲಿ ನನ್ನ ಮೇಡಂ ಅಂತಾರೆ," ಎಂದಳು. "ಹೆಬ್ಬೆರಳು ಮಡಚಿ."

ಅವನು ಮಡಚಿದ. ನೋವಿಗೆ ಮುಖ ಹಿಂಡಿಕೊಂಡರೂ ಸದ್ದು ಮಾಡಲಿಲ್ಲ. 'ಮುಚ್ಚಿಡೋದು ನಿನಗೆ ಅಭ್ಯಾಸ ಅಲ್ವಾ,' ಎಂದುಕೊಂಡಳು ಅವಳು.

ಆಗ ಅವಳಿಗೆ ಹನ್ನೊಂದು, ಅವನಿಗೆ ಹದಿಮೂರು. ಅವನ ಮನೆಯಲ್ಲೊಂದು ವಿಡಿಯೋ ಗೇಮ್. ಕ್ಯಾಸೆಟ್ಟು ಒಂದೇ, ಫುಟ್‌ಬಾಲಿನದು. ಬೆಂಕಿಕಡ್ಡಿಯಂಥ ಕಾಲಿನ ಆಟಗಾರರು, ಗೋಲಾದರೆ ಟೊಂಯ್ ಟೊಂಯ್ ಎನ್ನುವ ಸಂಗೀತ. ಎರಡು ವರ್ಷ ಪ್ರತಿ ಮಧ್ಯಾಹ್ನ ಇಬ್ಬರೂ ಒಂದೊಂದು ರಿಮೋಟು ಹಿಡಿದು ಚಾಪೆಯ ಮೇಲೆ ಕೂತಿದ್ದರು. ಹಳದಿ ತಂಡ ಅವಳದು, ನೀಲಿ ಅವನದು. ಅವಳು ಗೆದ್ದಾಗಲೆಲ್ಲ ಅವನು ತಲೆ ಮೇಲೆ ಕೈ ಹೊತ್ತು, "ಮುಗೀತು ಕ್ಯಾಪ್ಟನ್, ನನ್ನ ಮಾನ ಹೋಯ್ತು" ಎನ್ನುತ್ತಿದ್ದ. ಶಾಲೆಯಲ್ಲಿ ಯಾವ ಆಟಕ್ಕೂ ಸೇರಿಸಿಕೊಳ್ಳದ ಹುಡುಗಿಗೆ ಅಷ್ಟೇ ಸಾಕಿತ್ತು. ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದಳು.

ಒಂದು ದಿನ ಅವಳ ಕಿವಿಯೋಲೆ ಟಿವಿಯ ಹಿಂದೆ ಉರುಳಿತು. ಹುಡುಕಲು ಬಗ್ಗಿದಳು. ಗಂಟುಗಂಟಾದ ವೈರುಗಳ ನಡುವೆ ಒಂದು ರಿಮೋಟಿನ ತುದಿ ಯಾವುದಕ್ಕೂ ಸಿಕ್ಕಿಸದೆ ನೆಲದ ಮೇಲೆ ಬಿದ್ದಿತ್ತು.

ಬಾಗಿಲಲ್ಲಿ ನಿಂತಿದ್ದ ಬೀದಿಯ ಮಕ್ಕಳು ಅದು ಅವಳದೇ ಎಂದು ನಗೆಯಾಡಿದರು. "ಅಯ್ಯೋ, ಎರಡು ವರ್ಷ ಸುಮ್ನೆ ಗುಂಡಿ ಒತ್ತಿದ್ಳು ಪಾಪ!"

ಅವಳು ಅವನ ಮುಖ ನೋಡಿದಳು. ಅಲ್ಲ ಅಂತ ಒಂದು ಮಾತು ಹೇಳಲಿ ಎಂದು ಕಾದಳು. ಅವನು ಬಿಳಿಚಿಕೊಂಡು ಕೂತಿದ್ದ, ತುಟಿ ಬಿಚ್ಚಲಿಲ್ಲ. ಮರುವಾರವೇ ಅವಳ ಅಪ್ಪನಿಗೆ ವರ್ಗವಾಯಿತು. ಹೋಗುವಾಗ ಅವನು ಬಂದು ನಿಂತರೆ ಅವಳು ಬಾಗಿಲು ಹಾಕಿಕೊಂಡಳು.

ಅಲ್ಲಿಂದ ಯಾರು ಏನು ಕೊಟ್ಟರೂ ಅವಳಿಗೆ ಅನುಮಾನ. ಯಾರಾದರೂ ಹೊಗಳಿದರೆ, ನಾಟಕ ಆಡುತ್ತಿದ್ದಾರೆ ಎಂದೇ ಲೆಕ್ಕ. ಮೂರು ಸಂಬಂಧ ಹಾಗೇ ಮುರಿದವು. "ಗಂಡು ನೋಡೇ ಅಂದ್ರೆ ಗಂಡಾಂತರ ನೋಡೋ ಹಾಗೆ ನೋಡ್ತೀಯಲ್ಲೇ," ಎಂದು ಅಮ್ಮ ಹಣೆ ಚಚ್ಚಿಕೊಂಡಿದ್ದೂ ಆಯಿತು.

ಆದರೆ ಮನಸ್ಸು ಹೇಳಿದ ಮಾತು ಕೇಳುತ್ತದೆಯೇ? ಆರು ವಾರ ಅವನು ಮಂಗಳವಾರಕ್ಕೊಮ್ಮೆ ಬಂದ. ಅವಳು ಲೆಕ್ಕ ಹಾಕಿ ಮಾತಾಡಿದಳು, ಆದರೂ ಮಂಗಳವಾರ ಎರಡು ಸಲ ತಲೆ ಬಾಚಿದಳು. ಫೈಲಿನಲ್ಲಿ 'ಅವಿವಾಹಿತ' ಎಂಬ ಪದವನ್ನು ಬೇಡ ಬೇಡವೆಂದರೂ ಓದಿದಳು. ಕೈ ಮುಟ್ಟುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಛೇ, ಇವನಿಗಾ? ಇವನಿಗೇನಾ?

ಏಳನೇ ಮಂಗಳವಾರ ಅವನೇ ಹೇಳಿದ. "ಇವತ್ತೇ ಕೊನೆ, ಮೇಡಂ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ನಾಳೆ ಹೊರಡ್ತೀನಿ."

ಅವಳು ಫೈಲಿನ ಹಾಳೆ ತಿರುವಿದಳು. "ಒಳ್ಳೇದು," ಎಂದಳು.

ಅಷ್ಟರಲ್ಲಿ ವಿಭಾಗದ ಹಿರಿಯ ಡಾಕ್ಟರಮ್ಮ ಬಂದರು. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. "ಮಕ್ಕಳ ರೂಮಿಗೆ ಯಾರೋ ಹಳೇ ವಿಡಿಯೋ ಗೇಮ್ ಕೊಟ್ಟಿದಾರೆ ಕಣೆ. ಇವರ ಹೆಬ್ಬೆರಳಿಗೆ ಅದಕ್ಕಿಂತ ಪರೀಕ್ಷೆ ಬೇಕಾ? ನೀನೂ ಜೊತೆಗೆ ಕೂತು ಆಡು. ಬೆರಳು ಸರಿಯಾಗಿ ಓಡಿದ್ರೆ ಫೈಲ್ ಮುಚ್ಚು."

ಟಿವಿ ಹಚ್ಚಿದರೆ ಅದೇ ಆಟ. ಅದೇ ಹಸಿರು ಮೈದಾನ, ಅದೇ ಸಂಗೀತ.

ಅವಳಿಗೆ ಕಣ್ಣು ಮಂಜಾಯಿತು. ಸಿಟ್ಟೋ, ಆಸೆಯೋ, ಕಳೆದುಹೋದ ಮಧ್ಯಾಹ್ನಗಳೋ... ಎಲ್ಲ ಒಟ್ಟಿಗೇ ನುಗ್ಗಿ ಬಂದವು.

ಆಟ ಶುರುವಾಯಿತು. ಅವಳ ಹೆಬ್ಬೆರಳು ಯಾರನ್ನೂ ಕೇಳಲಿಲ್ಲ. ಪಾಸು, ಓಟ, ಒಂದು ಒದೆತ... ಗೋಲು! ಮತ್ತೊಂದು. ಅವನ ಆಟಗಾರರು ಮಾತ್ರ ಕುರಿ ಹಿಂಡಿನ ಹಾಗೆ ದಿಕ್ಕಾಪಾಲು.

"ನೋವಾಗ್ತಿದ್ಯಾ?"

"ಇಲ್ಲ."

"ಮತ್ತೆ?"

ಅವನು ತಡೆದು ತಡೆದು ಕೇಳಿದ. "ಒದೆಯೋದು... ಯಾವ ಗುಂಡಿ?"

ಅವಳು ನಕ್ಕುಬಿಡಬೇಕೆಂದಿದ್ದಳು. ನಗು ಬಾಯಿಗೆ ಬರುವ ಮೊದಲೇ ನಿಂತಿತು.

ಕೈಗಳ ವಿಷಯದಲ್ಲಿ ಅವಳಿಗೆ ಮೋಸ ಮಾಡಲಾಗದು. ಎರಡು ವರ್ಷ ಕಲಿತದ್ದನ್ನು ಬೆರಳು ಮರೆಯುವುದಿಲ್ಲ, ಅದು ಅವಳು ದಿನಾ ನೋಡುವ ಸತ್ಯ. ಅವನ ಬೆರಳು ಚೆನ್ನಾಗಿಯೇ ಓಡುತ್ತಿತ್ತು, ಆದರೆ ಅದಕ್ಕೆ ಈ ಆಟ ಗೊತ್ತಿರಲಿಲ್ಲ. ತನ್ನ ಬೆರಳಿಗೆ ಗೊತ್ತಿತ್ತು. ಸತ್ತ ರಿಮೋಟು ಹಿಡಿದವಳಿಗೆ ಗೋಲು ಹೊಡೆಯಲು ಹೇಗೆ ಬಂತು?

ರಿಮೋಟು ತೊಡೆಯ ಮೇಲೆ ಜಾರಿತು.

"ನೆಲದ ಮೇಲೆ ಬಿದ್ದಿದ್ದ ವೈರು... ನಿಂದಾ?"

ಅವನು ಪರದೆಯನ್ನೇ ನೋಡುತ್ತ ತಲೆಯಾಡಿಸಿದ. "ಎರಡನೇ ರಿಮೋಟು ಮೊದಲ ವಾರವೇ ಕೆಟ್ಟಿತ್ತು. ಒಂದೇ ಇರೋದು ಅಂತ ಗೊತ್ತಾದ್ರೆ ನೀನು ಬರಲ್ಲ ಅನ್ಕೊಂಡೆ. ಆಟ ಹಚ್ಚಿ ಸರಿಯಾದದ್ದು ನಿನ್ ಕೈಗೆ ಕೊಡ್ತಿದ್ದೆ. ನೀಲಿ ತಂಡ ತಾನಾಗೇ ಆಡ್ತಿತ್ತು."

"ನೀನು?"

"ನಾನು ಚೆನ್ನಾಗಿ ಕಿರುಚ್ತಿದ್ದೆ."

"ಆವತ್ತು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನ ಒಂದ್ಸಲಾನೂ ಸೋಲಿಸಿಲ್ಲ, ಗೆದ್ದದ್ದು ಮಷೀನನ್ನ ಅಂತಾಗ್ತಿತ್ತು. ಆ ಗೆಲುವು ನಿಂಗೆ ಎಷ್ಟು ದೊಡ್ಡದು ಅಂತ ನಂಗೆ ಗೊತ್ತಿತ್ತಲ್ಲ. ಏನ್ ಹೇಳ್ಬೇಕೋ ತೋಚದೆ ಸುಮ್ನಾದೆ. ಹೇಳೋಣ ಅಂತ ಬಂದಾಗ ನೀನು ಬಾಗಿಲು ಹಾಕ್ಕೊಂಡೆ."

ಅವಳು ಅತ್ತಳು. ಇಪ್ಪತ್ತು ವರ್ಷ ಅವಳು ಹೊತ್ತು ತಿರುಗಿದ್ದು ಮೋಸದ ನೆನಪಲ್ಲ, ಒಬ್ಬ ಹುಡುಗನ ಪ್ರೀತಿ. ಅದನ್ನೇ ತಲೆಕೆಳಗಾಗಿ ಹಿಡಿದಿದ್ದಳು.

ಕಣ್ಣೊರೆಸಿಕೊಂಡು ಫೈಲ್ ಎಳೆದುಕೊಂಡಳು. 'ಸಂಪೂರ್ಣ ಗುಣವಾಗಿದೆ' ಎಂದು ಬರೆದು ಸಹಿ ಹಾಕಿ ಮುಚ್ಚಿದಳು.

"ಈಗ ನೀನು ನನ್ನ ಪೇಷಂಟ್ ಅಲ್ಲ. ಅದಕ್ಕೇ ಹೇಳ್ತೀನಿ. ನಾಳೆ ಹೋಗ್ಬೇಡ. ನಂಗೆ ನೀನು ಬೇಕು."

ಅವನು ಪರದೆ ಬಿಟ್ಟು ಅವಳತ್ತ ತಿರುಗಿದ. ಆಮೇಲೆ ಮೆಲ್ಲಗೆ ಹೇಳಿದ. "ಲಿಫ್ಟು ಎಲ್ಲಾ ಊರಲ್ಲೂ ಕೆಡುತ್ತೆ ಬಿಡು, ಈ ಊರಲ್ಲೂ ಕೆಡುತ್ತೆ. ಈ ಮಾತು ಕೇಳೋಕೆ ಇನ್ನೆಲ್ಲಿಗೆ ಹೋಗ್ಲಿ?"

ಅವಳು ಅವನ ಹೆಬ್ಬೆರಳು ಹಿಡಿದು ಕೆಂಪು ಗುಂಡಿಯ ಮೇಲಿಟ್ಟಳು. "ಒದೆಯೋದು ಇದು. ಮೊದಲಿಂದ ಆಡೋಣ."

ಅವನು ಮನಸಾರೆ ಆಡಿದ, ಹನ್ನೊಂದು ಗೋಲಿನಿಂದ ಸೋತ.

"ಬೇಜಾರಾಯ್ತಾ?" ಎಂದಳು, ಅವನ ಭುಜಕ್ಕೆ ಒರಗುತ್ತ.

"ನಿನ್ ಕೈಲಿ ನಿಜವಾಗ್ಲೂ ಸೋತಿದ್ದು ಇದೇ ಮೊದಲು, ಕ್ಯಾಪ್ಟನ್," ಎಂದ ಅವನು. "ಇನ್ನೊಂದ್ಸಲ ಸೋಲಿಸು."