ಬೊಂಬೆಮನೆಯ ಜುಲು ಯುವರಾಜ

ಒಳಕೋಣೆಯಲ್ಲಿ ರೇಷ್ಮೆವಸ್ತ್ರವಷ್ಟೇ ಉಳಿದಿತ್ತು; ಅದರಡಿ ಸಂಜೆಗೆಂದು ಮುಚ್ಚಿಟ್ಟಿದ್ದ ಯುವರಾಜ ದಿನುಜುಲುವಿನ ಬೊಂಬೆ ಮಾಯವಾಗಿತ್ತು.

ಇತಿಹಾಸದ ನಿವೃತ್ತ ಪ್ರಾಧ್ಯಾಪಕಿ ರಮಾಮಣಿಯವರು ಈ ನವರಾತ್ರಿಗೆ ಲಕ್ಷ್ಮೀಪುರದ ತಮ್ಮ ಮನೆಯಲ್ಲಿ ದಕ್ಷಿಣ ಆಫ್ರಿಕಾದ ಜುಲು ಅರಸರ ಬೊಂಬೆಗಳನ್ನು ಕೂರಿಸಿದ್ದರು. ಆ ಮಧ್ಯಾಹ್ನ ದೀಪವಾರಿಸಿ, ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತ, ನಡುವೆ ಕಾಫಿಗೆ ಬಿಡುವು ಕೊಟ್ಟು ಅವರ ಕತೆ ಹೇಳಿದ್ದರು. ಬಿಡುವಿನಲ್ಲಿ ಬೊಂಬೆ ಇತ್ತು. ಕತೆ ಮುಗಿದಾಗ ಇರಲಿಲ್ಲ. ಕೋಣೆಯ ಪಕ್ಕದ ಅಡುಗೆಮನೆಯಲ್ಲಿದ್ದವಳು ಮನೆಗೆಲಸದ ಮಹದೇವಮ್ಮನೊಬ್ಬಳೇ.

"ಇಷ್ಟು ವರ್ಷ ಈ ಮನೇಲಿ ದುಡ್ದೀನಿ ಕಣ್ರವ್ವ. ಕಳ್ಳಿ ಅನ್ನಿಸ್ಕೊಂಡು ನಾಳೆ ಎಂಗೆ ಬರಾನ?" ಎಂದು ಆಕೆ ಕಣ್ಣೊರೆಸಿಕೊಂಡಳು.

ಕತೆ ಕೇಳಲು ಬಂದಿದ್ದ ಲಕ್ಷ್ಮೀನರಸಿಂಹಯ್ಯನವರು ಪತ್ನಿ ನಾಗಮಣಿಯವರತ್ತ ನೋಡಿದರು. ಆ ಬಡಾವಣೆಯ ಒಗಟುಗಳೆಲ್ಲ ಈಕೆಯ ಬಳಿಗೇ ಬರುತ್ತಿದ್ದವು. ಆಕೆ ಪಕ್ಕದ ಮನೆಯ ವೃಷಭೇಂದ್ರಪ್ಪನವರನ್ನು ಜಗಲಿಗೆ ಕರೆದು ಕೇಳಿದರು: "ಕತೆ ಹಿಡಿಸಿತೇ?" ಬಡಾವಣೆಯ ಬೊಂಬೆ ಸ್ಪರ್ಧೆಯ ಬಹುಮಾನ ಪ್ರತಿವರ್ಷ ವೃಷಭೇಂದ್ರಪ್ಪನವರ ಮನೆಗೇ ಹೋಗುತ್ತಿತ್ತು, ತೀರ್ಪುಗಾರರು ಸಂಜೆಗೆ ಬರುವವರಿದ್ದರು.

"ಕೊನೇವರೆಗೂ ಕದಲಲಿಲ್ಲ ಕಣ್ರೀ. ಬ್ರಿಟಿಷರು ಕಿರೀಟ ಇಟ್ಟಮೇಲೆ ತಾನೇ ಆ ಯುವರಾಜನ ಅಪ್ಪ ಸೆಟ್ಶ್ವಾಯೊ ರಾಜ ಆಗಿದ್ದು?"

ಅವರ ಬಳಿಕ ಜಗಲಿಗೆ ಬಂದ ಅತಿಥಿ ವಾಣಿ ಅದೇ ಪ್ರಶ್ನೆಗೆ ನಕ್ಕಳು. "ಜನ ಆಗಲೇ ಪಟ್ಟ ಕಟ್ಟಿದ್ದವನಿಗೆ ಇವರು ಕಿರೀಟ ಹೊತ್ತು ಬಂದರಲ್ಲ, ಅದೇ ಮಜಾ."

ನಾಗಮಣಿಯವರು ಎಲ್ಲರನ್ನೂ ಬೊಂಬೆಗಳ ಮುಂದೆ ಕೂರಿಸಿದರು.

"ಸೆಟ್ಶ್ವಾಯೊನ ಕಿರೀಟಧಾರಣೆಯೊಂದಿಗೆ ಕತೆಯ ಮೊದಲ ಭಾಗ ಮುಗಿಯಿತು. ಜನರು ತಮ್ಮ ಪದ್ಧತಿಯಂತೆ ಅವನನ್ನು ಅದಕ್ಕೂ ಮೊದಲೇ ಅರಸನನ್ನಾಗಿ ಮಾಡಿಕೊಂಡಿದ್ದರೆಂದು ರಮಾ ಹೇಳಿದ್ದು ಕಾಫಿಯ ನಂತರ. ಅದನ್ನರಿಯದವರು ಆಗ ಇಲ್ಲಿರಲಿಲ್ಲ."

"ನನಗೂ ಗೊತ್ತಾಗಲಿಲ್ಲವಲ್ಲೇ, ನಾಗು," ಎಂದರು ಲಕ್ಷ್ಮೀನರಸಿಂಹಯ್ಯನವರು, ಅಳುಕುತ್ತ.

"ನೀವು ಇಲ್ಲೇ ಇದ್ದಿರಿ ಅನ್ನೋದಕ್ಕೆ ನಿಮ್ಮ ಗೊರಕೆಯೇ ಸಾಕ್ಷಿ, ಬಿಡಿ. ಇದ್ದೆನೆಂದು ಸುಳ್ಳಾಡಿದವರು ವೃಷಭೇಂದ್ರಪ್ಪನವರು. ಒಳಕೋಣೆಯ ಹಿಂಬಾಗಿಲು ತೆರೆಯುವುದು ಅವರ ಹಿತ್ತಿಲಿಗೆ. ಯುವರಾಜನಿಲ್ಲದೆ ಈ ಸಾಲು ಅಪೂರ್ಣ. ಬಹುಮಾನ ಮತ್ತೆ ಅವರದೇ."

ವೃಷಭೇಂದ್ರಪ್ಪನವರು ಎದ್ದು ಹೋದರು. ತಮ್ಮ ಮನೆಯ ಬೊಂಬೆಸೈನ್ಯದ ಹಿಂದೆ ಬಚ್ಚಿಟ್ಟಿದ್ದ ದಿನುಜುಲುವನ್ನು ತಂದು, ಮೊದಲು ನಿಂತದ್ದು ಅಡುಗೆಮನೆಯ ಬಾಗಿಲಲ್ಲಿ.

"ಮಹದೇವಮ್ಮ, ತಪ್ಪಾಯ್ತು ಕಣವ್ವ."

"ನಂಗೆ ಜೀವ ಬಂದಂಗಾಯ್ತು ಬುಡಿ, ಬುದ್ಧಿ. ಇವತ್ತು ಕಾಫಿಗೆ ಸಕ್ಕರೆ ಮಾತ್ರ ಕೇಳ್ಬ್ಯಾಡಿ."

ಎಲ್ಲರೂ ನಕ್ಕರು, ವೃಷಭೇಂದ್ರಪ್ಪನವರೂ ನಕ್ಕರು. ಮಹದೇವಮ್ಮ ಬೊಂಬೆಯನ್ನು ಸೆರಗಿನಿಂದ ಒರೆಸಿದಳು.

"ಕೆಳಗಿನ ಮೆಟ್ಟಿಲಲ್ಲಿಡು," ಎಂದರು ರಮಾಮಣಿ. "ದ್ವೀಪಕ್ಕೆ ಗಡೀಪಾರು ಮಾಡಿ ಮರಳಿ ಕರೆತಂದಾಗ, ಬ್ರಿಟಿಷ್ ಸರ್ಕಾರ ಇವನನ್ನು ರಾಜನೆನ್ನಲಿಲ್ಲ, ಬರಿಯ ಮುಖಂಡ ಎಂದಿತು."

"ಅವ್ರು ಏನಾರ ಅನ್ಲಿ ಕಣ್ರವ್ವ. ಅಪ್ಪನ ಪಕ್ಕದಾಗೆ ಜಾಗ ಐತಲ್ಲ."

ಆಕೆ ಯುವರಾಜನನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿದಳು. ರಮಾಮಣಿಯವರು ಅವನನ್ನು ಕದಲಿಸಲಿಲ್ಲ.