ಕಡ ತಂದ ಹೆಪ್ಪು

ಎಡ್ವಿನ್ ಓಲ್ಡ್‌ರಾಯ್ಡ್ ಏಲ್ ಬಿಯರಿನ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬಣ್ಣ ಸರಿಯಾಗಿತ್ತು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನುಂಗದೆ, ಕಣ್ಣು ಮುಚ್ಚಿ ನಿಂತ. ಆ ಮುಚ್ಚಿದ ಕಣ್ಣುಗಳನ್ನು ಹೆಸ್ಟರ್ ಕದ್ದು ನೋಡಿದಳು. ರೆಪ್ಪೆಯ ಮೇಲೆ ಬಾರ್ಲಿ ಮಾಲ್ಟ್‌ನ ಧೂಳು ಕೂತಿತ್ತು. ಒರೆಸಬೇಕೆನಿಸಿತು. ಕೈ ಕಟ್ಟಿಕೊಂಡಳು.

"ರುಚಿ ಬೇರೆ ಅನಿಸ್ತಿದೆಯಾ ನಿನಗೆ?"

"ಇಲ್ಲ."

"ಕೊನೇಲಿ ಪೇರ್ ಹಣ್ಣಿನ ವಾಸನೆ ಬರತ್ತಲ್ಲ, ಅದು ಇದೆಯಾ?"

"ಇದೆಯಲ್ಲ. ನಿಮಗೆ ನೆಗಡಿ, ಅಷ್ಟೇ. ಒದ್ದೆ ಕೋಟ್ ಹಾಕ್ಕೊಂಡು ಕುದುರೆ ಲಾಯದಲ್ಲಿ ನಿಂತ್ರೆ ಇನ್ನೇನಾಗತ್ತೆ?"

ಎಡ್ವಿನ್ ನಕ್ಕ. ಗ್ಲಾಸನ್ನು ಕೆಳಗಿಟ್ಟ. ಪೂರ್ತಿ ಕುಡಿಯಲಿಲ್ಲ.

ಪೇರ್ ಹಣ್ಣಿನ ವಾಸನೆ ಇರಲಿಲ್ಲ. ಮೇ ತಿಂಗಳಿಂದಲೂ ಇರಲಿಲ್ಲ. ಹೆಸ್ಟರ್ ಹೇಳಿದ್ದು ಹಸಿ ಸುಳ್ಳು.

ಹೆಸ್ಟರ್ ಬ್ರಿಗ್ ಸುಳ್ಳು ಹೇಳುತ್ತಾಳೆಂದರೆ ಹಾಲ್ಡನ್‌ಶಾ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಓಲ್ಡ್‌ರಾಯ್ಡ್ ಬ್ರೂವರಿಯಲ್ಲಿ ಏಲ್ ತಯಾರಿಸುವವಳು ಅವಳೇ, ಬಾಯಿ ಮಾಡುವವಳೂ ಅವಳೇ. ಪೀಪಾಯಿಯೊಳಗಿನ ಏಲ್ ತಿಳಿಯಾಗುವ ಮೊದಲೇ ನಲ್ಲಿ ಹೊಡೆದು ಗಿರಾಕಿಗೆ ಕೊಟ್ಟ ಪಬ್ ಮಾಲೀಕನೊಬ್ಬನಿಗೆ, ಅವನ ಗಿರಾಕಿಗಳ ಎದುರೇ, "ನೀನು ನಿಂಬೆ ಪಾನಕ ಮಾರು" ಎಂದು ಹೇಳಿ ಪೀಪಾಯಿಯನ್ನು ವಾಪಸ್ ಹೊರಿಸಿಕೊಂಡು ಬಂದಿದ್ದಳು.

ಎಡ್ವಿನ್ ಆ ಬ್ರೂವರಿಯ ಯಜಮಾನ. ಇಬ್ಬರಿಗೂ ನಲವತ್ತೈದು ದಾಟಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅವನು ಕುದುರೆಯ ಲಾಳ ನೋಡಲು ಎದ್ದು ಹೋಗುತ್ತಿದ್ದ. ಅವಳು ಜಗಳ ತೆಗೆಯುತ್ತಿದ್ದಳು. ಇಂಥವರಿಬ್ಬರ ನಡುವೆ ಪ್ರೀತಿ ಹುಟ್ಟಿದರೆ ಅದು ಬಾಯಿಗೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಹೊತ್ತೇ ಇಲ್ಲಿ ಅನಾಹುತ ಮಾಡಿದ್ದು.

ತೊಟ್ಟಿಯಲ್ಲಿ ಏಲ್ ಹುಳಿಯುವಾಗ ನೊರೆ ಉಕ್ಕಿ, ಕೆನೆಯ ಹಾಗೆ ದಪ್ಪಗೆ ಮೇಲೆ ನಿಲ್ಲುತ್ತದೆ. ಆ ನೊರೆಯೇ ಹೆಪ್ಪು. ಅದನ್ನು ಸೌಟಿನಿಂದ ತೆಗೆದಿಟ್ಟು ಮುಂದಿನ ತೊಟ್ಟಿಗೆ ಹಾಕಬೇಕು, ಇವತ್ತಿನ ಮೊಸರಿನಿಂದ ನಾಳೆಯ ಹಾಲಿಗೆ ಹೆಪ್ಪು ಹಾಕುವ ಹಾಗೆ. ಎಡ್ವಿನ್‌ನ ತಾಯಿ, ಅಜ್ಜಿ ಎಲ್ಲರೂ ಒಂದೇ ತಾಮ್ರದ ಸೌಟಿನಲ್ಲಿ ಅದನ್ನು ತೆಗೆದು ಕಾಪಾಡಿಕೊಂಡು ಬಂದಿದ್ದರು. ಆ ಸೌಟು ಮನೆಯ ಹೆಂಗಸಿನದು. ತಾಯಿ ತೀರಿದ ಮೇಲೆ ಅದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹೆಸ್ಟರ್ ಸ್ಟೀಲಿನ ಸೌಟಿನಲ್ಲಿ ಕೆಲಸ ಮಾಡುತ್ತಿದ್ದಳು.

ಮೇ ತಿಂಗಳ ಆ ಮಧ್ಯಾಹ್ನ ನೊರೆ ಎಷ್ಟು ಚೆನ್ನಾಗಿ ಉಕ್ಕಿತ್ತೆಂದರೆ, ಹೊಸದು ಇದೆಯಲ್ಲ ಎಂದು ಅವಳು ಹಿಂದಿನ ವಾರದ ಹೆಪ್ಪನ್ನು ಆಗಲೇ ಚೆಲ್ಲಿ ಪಾತ್ರೆ ತೊಳೆದಿದ್ದಳು. ಸೌಟು ಕೈಗೆ ತೆಗೆದುಕೊಳ್ಳುವಾಗ ಎಡ್ವಿನ್ ಬಾಗಿಲಲ್ಲಿ ಬಂದು ನಿಂತ. ಕ್ಯಾಪನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಗುಡ್ಡದ ಮೇಲೆ ಹಕ್ಕಿಗಳು ಬಂದಿವೆಯಂತೆ. ಮರಿ ಮಾಡಿವೆಯಂತೆ. ನೋಡ್ಕೊಂಡು ಬರೋಣ್ವಾ?"

"ನೊರೆ ತೆಗೀಬೇಕು."

"ಓ. ಹೌದಲ್ಲ." ಅವನ ಕಿವಿ ಕೆಂಪಾಯಿತು. ಹಿಂದಿರುಗಿದ.

ಇನ್ನೊಂದು ಸಲ ಇವನು ಕೇಳಬೇಕಾದರೆ ಮುದುಕನಾಗಿರುತ್ತಾನೆ ಎಂದುಕೊಂಡಳು ಹೆಸ್ಟರ್.

"ತಾಳಿ, ಬಂದೆ. ಆಮೇಲೆ ತೆಗೆದ್ರಾಯ್ತು."

ಗುಡ್ಡದ ಮೇಲೆ ಗಾಳಿ ಜೋರಾಗಿತ್ತು. ಕಲ್ಲಿನ ಗೋಡೆಯ ಮರೆಯಲ್ಲಿ ಕೂತು ಮಾಂಸ ತುಂಬಿ ಬೇಯಿಸಿದ ಒಂದೇ ಪೋರ್ಕ್ ಪೈಯನ್ನು ಮುರಿದುಕೊಂಡು ತಿಂದರು. ಹಕ್ಕಿ ಎಲ್ಲಿ ಎಂದು ಅವಳು ಕೇಳಿದಳು. ಹಕ್ಕಿಯ ವಿಷಯ ತನಗೇನೂ ಗೊತ್ತಿಲ್ಲವೆಂದು ಅವನು ಒಪ್ಪಿಕೊಂಡ. ಅವಳ ಕೂದಲಿಗೆ ಸಿಕ್ಕಿದ್ದ ಒಣಗಿದ ಹುಲ್ಲುಕಡ್ಡಿಯನ್ನು ಬಿಡಿಸಿದ, ಬಿಡಿಸಿದ ಮೇಲೂ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಇಳಿದು ಬರುವಾಗ, ಅವಳ ಕಡೆ ನೋಡದೆ, "ಇವತ್ತಿನಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ" ಅಂದ.

ಅವಳು ತೊಟ್ಟಿಯ ಬಳಿ ಬಂದಾಗ ನೊರೆ ಕಂದು ಬಣ್ಣಕ್ಕೆ ತಿರುಗಿ ಕುಸಿದು ಒಳಗೆ ಮುಳುಗಿತ್ತು. ಮೂಗಿಗೆ ಕೆಟ್ಟ ಹುಳಿ ಹೊಡೆಯಿತು. ಓಲ್ಡ್‌ರಾಯ್ಡ್‌ಗಳ ಹೆಪ್ಪು ಸತ್ತಿತ್ತು.

ಅದನ್ನು ಹೇಳಿದರೆ ಅವನ ಜೀವನದ ಒಂದೇ ಒಳ್ಳೆಯ ದಿನ ಹೆಪ್ಪು ಸತ್ತ ದಿನವಾಗುತ್ತಿತ್ತು. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವನ ಆ ಮುಖವನ್ನು ಕಳೆದುಕೊಳ್ಳಲು ಅವಳಿಗೇ ಮನಸ್ಸಿರಲಿಲ್ಲ. ತೊಟ್ಟಿಯನ್ನು ಚರಂಡಿಗೆ ಬಿಟ್ಟಳು. ತೊಟ್ಟಿಯನ್ನು ತಂಪಾಗಿಡುವ ಪೈಪ್ ಸೋರಿ ಏಲ್ ಕೆಟ್ಟಿತು ಎಂದು ಎಡ್ವಿನ್‌ಗೆ ಹೇಳಿದಳು. "ಪೈಪ್ ನಾನೇ ಬದಲಾಯಿಸಬೇಕಿತ್ತು, ತಪ್ಪು ನನ್ನದೇ" ಅಂದ ಅವನು.

ನಮ್ಮ ಕಣಿವೆಯಲ್ಲಿ ಹೆಪ್ಪನ್ನು ಯಾರೂ ಮಾರುವುದಿಲ್ಲ. ಒಬ್ಬರದು ಕೆಟ್ಟರೆ ಇನ್ನೊಬ್ಬರು ಕೊಡುತ್ತಾರೆ. ಬೇಕಾದವರು ಹಗಲಲ್ಲಿ, ಮುಂಬಾಗಿಲಿಗೆ, ತೆರೆದ ಬಕೆಟ್ ಹಿಡಿದು ಹೋಗಬೇಕು. ಆ ಹೆಪ್ಪಿನಿಂದ ಮಾಡಿದ ಮೊದಲ ಪೀಪಾಯಿಯನ್ನು ಕೊಟ್ಟವರ ಮನೆಗೆ ಊರೆಲ್ಲ ನೋಡುವಂತೆ ಕಳಿಸಬೇಕು. ಹೆಸ್ಟರ್ ಗುಡ್ಡದ ಮೇಲಿನ ಸಟ್‌ಕ್ಲಿಫ್ ಬ್ರೂವರಿಗೆ ಹೋದದ್ದು ಹಿಂಬಾಗಿಲಿಗೆ, ಮುಚ್ಚಳವಿರುವ ಹಾಲಿನ ಕ್ಯಾನ್ ಹಿಡಿದು.

ಒಡತಿ ಡೋರಾ ಸಟ್‌ಕ್ಲಿಫ್ ಕ್ಯಾನ್ ತುಂಬಿಸಿದಳು. "ನಮ್ಮನೆ ಮುಂಬಾಗಿಲು ಎಲ್ಲಿರತ್ತೆ ಅಂತ ಮರೆತುಬಿಟ್ಯಾ, ಹೆಸ್ಟರ್?" ಎಂದು ಕೇಳಿದಳು.

"ಪೀಪಾಯಿ ಕಳಿಸ್ತೀನಿ."

"ಕಳಿಸು. ನಾನು ಕೇಳೋಕೆ ಬರಲ್ಲ."

ಕಳಿಸಲಿಲ್ಲ. ಬೇಸಿಗೆ ಕಳೆಯಿತು. ಎಡ್ವಿನ್ ದಿನವೂ ಚಹಾ ತಂದುಕೊಟ್ಟು ಎದುರಿಗೇ ಕೂರತೊಡಗಿದ. ಅವಳ ಕಪ್ಪಿನಲ್ಲಿ ಬಿಸ್ಕತ್ತು ಅದ್ದುತ್ತಿದ್ದ, ಅವಳು ಬೈಯುತ್ತಿದ್ದಳು, ಅವನು ಬೈಸಿಕೊಳ್ಳಲೆಂದೇ ಮತ್ತೆ ಅದ್ದುತ್ತಿದ್ದ. ಅವನು ನಗುವಾಗಲೆಲ್ಲ ಆ ಕ್ಯಾನಿನ ಮುಚ್ಚಳ ಅವಳ ಎದೆಯಲ್ಲಿ ಅಲುಗಾಡುತ್ತಿತ್ತು. ಆದರೆ ಬರುಬರುತ್ತಾ ಅವನು ನಗುವುದೂ ಕಡಿಮೆಯಾಯಿತು. ಗ್ಲಾಸ್ ಹಿಡಿದು ಕಣ್ಣು ಮುಚ್ಚಿ ನಿಲ್ಲುವುದು ಹೆಚ್ಚಾಯಿತು. ಅವಳು ನೆಗಡಿ ಎಂದದ್ದು ಆಗಲೇ.

ಅಕ್ಟೋಬರ್ ಕೊನೆಗೆ, ಚಳಿಗಾಲದ ಏಲ್ ಹೊರತೆಗೆಯುವ ದಿನ ಬೆಳಿಗ್ಗೆ, ಎಡ್ವಿನ್ ತೊಟ್ಟಿಯ ಕೋಣೆಗೆ ಬಂದ. ಕೈಯಲ್ಲಿ ತಾಮ್ರದ ಸೌಟಿತ್ತು. ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದ.

"ಇದು ನಿನಗೆ. ಮಧ್ಯೆ ಬಾಯಿ ಹಾಕ್ಬೇಡ. ಹಾಕ್ತೀಯ, ಗೊತ್ತು. ಆದ್ರೂ ಕೇಳು."

ಹೆಸ್ಟರ್ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ನನ್ನ ನಾಲಿಗೆ ಹೋಗಿದೆ, ಹೆಸ್ಟರ್. ನಮ್ಮ ಏಲ್ ನನಗೆ ನಮ್ಮದು ಅನಿಸ್ತಾನೇ ಇಲ್ಲ. ನೆಲಮಾಳಿಗೆಯ ವಾಲ್ಟ್ ಅದೇ ರುಚಿ ಅಂತಾನೆ. ಊರವರು ಅದೇ ರುಚಿ ಅಂತಾರೆ. ಅವರದ್ದೆಲ್ಲ ಬಿಡು, ನೀನೇ ಅದೇ ರುಚಿ ಅಂದೆ. ಹಾಗಾದ್ರೆ ಕೆಟ್ಟಿರೋದು ನಾನು." ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ರುಚಿ ಹೋಯ್ತು. ಆಮೇಲೆ ನಮ್ಮ ಹೆಸರು ಮರೆತ್ರು. ಕೊನೆಗೆ ಅಮ್ಮನ್ನೇ ನೋಡಿ, ಈ ಹೆಂಗಸು ಯಾರು ಅಂದ್ರು."

"ಎಡ್ವಿನ್..."

"ಹಾಕಿದ್ಯಾ ಬಾಯಿ. ಕೇಳು. ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ಅವತ್ತು ಗುಡ್ಡಕ್ಕೆ ಕರ್ಕೊಂಡು ಹೋಗಿದ್ದೆ. ಹಕ್ಕಿ ಗಿಕ್ಕಿ ಏನೂ ಇಲ್ಲ. ಧೈರ್ಯ ಬರ್ಲಿಲ್ಲ. ಈಗ ಕೇಳೋದು ಅನ್ಯಾಯ, ನಿನ್ನ ಹೆಸರೇ ಮರೆಯೋನನ್ನ ಕಟ್ಕೊಂಡು ನೀನೇನು ಮಾಡ್ತೀಯ? ಮದುವೆ ಬೇಡ ಅಂದ್ರೆ ಬೇಡ. ಸೌಟು ಮಾತ್ರ ತಗೋ. ಇನ್ಮೇಲೆ ರುಚಿ ನೋಡೋದು ನೀನೇ."

ಅವಳ ಕಾಲ ಕೆಳಗೆ ಕಲ್ಲಿನ ನೆಲ ತಣ್ಣಗಿತ್ತು. ತಾನು ಹೇಳಿದ್ದು ಹೆಪ್ಪಿನ ಬಗ್ಗೆ ಒಂದು ಸುಳ್ಳು ಎಂದುಕೊಂಡಿದ್ದಳು. ಒಬ್ಬ ಗಟ್ಟಿ ಮನುಷ್ಯನಿಗೆ ನಿನ್ನ ನೆನಪು ಸಾಯುತ್ತಿದೆ ಎಂದು ತಿಂಗಳುಗಟ್ಟಲೆ ಹೇಳಿದ ಹಾಗಾಗಿತ್ತು. ಅವನು ಸೌಟು ಚಾಚಿದ. ಅವಳು ಹಿಂದೆ ಸರಿದಳು.

"ನಾನು ಅದನ್ನ ಮುಟ್ಟಲ್ಲ."

ಎಡ್ವಿನ್ ತಲೆ ಆಡಿಸಿದ, ಇದೇ ಉತ್ತರ ಬರುತ್ತದೆಂದು ಗೊತ್ತಿದ್ದವನ ಹಾಗೆ. "ಸರಿ. ಡ್ಯೂಕ್‌ನ ಲಾಳ ನೋಡ್ಬೇಕು" ಎಂದು ಕುದುರೆ ಲಾಯಕ್ಕೆ ಹೊರಟುಹೋದ.

ಹೆಸ್ಟರ್ ನೆಲಮಾಳಿಗೆಗೆ ಇಳಿದಳು. ಮುದುಕ ವಾಲ್ಟ್ ಚಳಿಗಾಲದ ಏಲಿನ ಪೀಪಾಯಿಗಳನ್ನು ಉರುಳಿಸುತ್ತಿದ್ದ.

"ಮೊದಲ ಪೀಪಾಯಿ ಗಾಡಿಗೆ ಹಾಕು."

"ಯಾವ ಪಬ್‌ಗೆ ತಾಯಿ?"

"ಸಟ್‌ಕ್ಲಿಫ್‌ಗೆ."

ವಾಲ್ಟ್ ಉರುಳಿಸುವುದನ್ನು ನಿಲ್ಲಿಸಿದ. ಕ್ಯಾಪ್ ತೆಗೆದ, ಶವದ ಮುಂದೆ ತೆಗೆಯುವ ಹಾಗೆ. "ಹೆಪ್ಪು ಸತ್ತಿದ್ದು ಯಾವಾಗ?"

"ಮೇ."

"ಅಷ್ಟು ದಿನ ನಾನು ಡೋರಾ ಅಮ್ಮನ ಏಲ್ ಕುಡಿದು ಅದೇ ರುಚಿ, ಅದೇ ರುಚಿ ಅಂತಿದ್ನಾ?" ಕ್ಯಾಪನ್ನು ಮತ್ತೆ ತಲೆಗಿಟ್ಟ. "ಯಜಮಾನ್ರಿಗೆ ಗೊತ್ತಾ?"

"ಕುದುರೆ ಬೇಕಲ್ಲ. ಕೇಳೋಕೆ ಅವರ ಹತ್ರಾನೇ ಹೋಗ್ತಿದೀನಿ."

ಎಡ್ವಿನ್ ಲಾಯದಲ್ಲಿ ಡ್ಯೂಕ್‌ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿದ್ದ. ತಿರುಗಿ ನೋಡಲಿಲ್ಲ.

"ಡ್ಯೂಕ್‌ನನ್ನ ಗಾಡಿಗೆ ಕಟ್ಟಬೇಕು" ಎಂದಳು.

"ಎಲ್ಲಿಗೆ?"

"ಸಟ್‌ಕ್ಲಿಫ್ ಮುಂಬಾಗಿಲಿಗೆ. ಮೊದಲ ಪೀಪಾಯಿ."

ಕುದುರೆಯ ಕಾಲು ಧೊಪ್ಪೆಂದು ನೆಲಕ್ಕೆ ಬಿತ್ತು. ಈ ಕಣಿವೆಯಲ್ಲಿ ಹುಟ್ಟಿದವನಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಅವಳು ಹೇಳಿದಳು. ಗುಡ್ಡ, ಕುಸಿದ ನೊರೆ, ಪೈಪಿನ ಸುಳ್ಳು, ಹಾಲಿನ ಕ್ಯಾನ್.

"ಹಾಗಾದ್ರೆ ಪೇರ್ ಹಣ್ಣು?"

"ಇಲ್ಲ. ಅವತ್ತಿಂದ ಇಲ್ಲ. ಊರಿಗೆಲ್ಲ ಸರಿಯಾಗಿರೋ ನಾಲಿಗೆ ಅಂದ್ರೆ ನಿಮ್ಮದೊಂದೇ."

ಎಡ್ವಿನ್ ಹುಲ್ಲಿನ ಕಂತೆಯ ಮೇಲೆ ಕೂತ. ಮುಖಕ್ಕೆ ಕೈ ಒತ್ತಿಕೊಂಡ. ಭುಜ ಅಲುಗಿದ್ದು ನಗುವಿಗೋ ಅಳುವಿಗೋ ಅವಳಿಗೆ ತಿಳಿಯಲಿಲ್ಲ. ಕೈ ತೆಗೆದಾಗ ಮುಖ ಕೆಂಪಾಗಿತ್ತು.

"ದಿನಾ ಮಲಗೋ ಮುಂಚೆ ನಮ್ಮವರ ಹೆಸರೆಲ್ಲ ಹೇಳ್ಕೊಳ್ತಿದ್ದೆ, ಗೊತ್ತಾ? ಪಾಠ ಒಪ್ಪಿಸೋ ಹಾಗೆ. ಇವತ್ತು ಯಾರನ್ನ ಮರೆತೆ ಅಂತ. ನಿನ್ನದು ಮೊದಲ ಹೆಸರು."

ಬಾಯಿ ಜೋರಿನ ಹೆಸ್ಟರ್‌ಗೆ ಕ್ಷಮಿಸಿ ಎನ್ನುವುದು ತೀರಾ ಚಿಕ್ಕದೆನಿಸಿತು.

"ಹೆಪ್ಪು ಸತ್ರೆ ಸಾಯ್ಲಿ" ಅಂದ ಅವನು. "ನನಗೆ ಹಾಗೆ ಮಾಡ್ಬಾರದಿತ್ತು ನೀನು."

"ಮಾಡ್ಬಾರದಿತ್ತು."

ಅವನು ಎದ್ದು, ಡ್ಯೂಕ್‌ನನ್ನು ಗಾಡಿಗೆ ಕಟ್ಟಿದ. ಅವಳು ಲಗಾಮು ಹಿಡಿದು ಅಂಗಳ ದಾಟಿದಳು. ಬೀದಿಗೆ ತಿರುಗುವಾಗ ಕುದುರೆಯ ಇನ್ನೊಂದು ಬದಿಯಲ್ಲಿ ಬೂಟಿನ ಸದ್ದು ಕೇಳಿತು. ನಡುವೆ ಡ್ಯೂಕ್‌ನ ದೊಡ್ಡ ಎದೆ ಇದ್ದುದರಿಂದ ಅವನ ಮುಖ ಕಾಣಲಿಲ್ಲ.

ಕಟುಕನ ಅಂಗಡಿಯವನು ಹೊರಗೆ ಬಂದ. ಬೇಕರಿಯ ಹೆಂಗಸರು ಬಾಗಿಲಿಗೆ ಬಂದರು. ಒಂದೇ ಪೀಪಾಯಿ, ಗುಡ್ಡದ ದಾರಿ; ಎಲ್ಲರಿಗೂ ಅರ್ಥವಾಯಿತು. ನಿಂಬೆ ಪಾನಕ ಮಾರು ಎನಿಸಿಕೊಂಡಿದ್ದ ಪಬ್ ಮಾಲೀಕ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು, "ಏನಮ್ಮ ಹೆಸ್ಟರ್, ಪಾನಕ ಬೇಕಿತ್ತಾ?" ಅಂದ. ಹೆಸ್ಟರ್ ತಲೆ ತಗ್ಗಿಸಿ ನಡೆದಳು.

"ನಿನ್ನ ಕೆಲಸ ನೋಡ್ಕೋ" ಎಂದು ಕುದುರೆಯ ಆ ಬದಿಯಿಂದ ಎಡ್ವಿನ್ ಗದರಿದ.

ಡೋರಾ ತನ್ನ ಮುಂಬಾಗಿಲಲ್ಲಿ ನಿಂತು ಪೀಪಾಯಿಯನ್ನು ಕೈಯಿಂದ ತಟ್ಟಿದಳು. "ಬಂತಾ ಕೊನೆಗೂ. ನಾನೆಲ್ಲೋ ಗಾಡಿಯ ಗಾಲಿನೇ ಬಿದ್ದುಹೋಯ್ತೇನೋ ಅಂದ್ಕೊಂಡಿದ್ದೆ." ಎಡ್ವಿನ್‌ನ ಮುಖ ನೋಡಿ ದನಿ ತಗ್ಗಿಸಿದಳು. "ಹಾಗೆ ಮುಖ ಇಳಿಬಿಡ್ಬೇಡಪ್ಪ. ಯುದ್ಧ ಮುಗಿದ ವರ್ಷ ನಿಮ್ಮಜ್ಜನೂ ಇದೇ ಬಾಗಿಲಿಗೆ ಬಕೆಟ್ ಹಿಡ್ಕೊಂಡು ಬಂದಿದ್ದ. ಆಗಲೂ ಎಷ್ಟೋ ವರ್ಷ ಪೇರ್ ಹಣ್ಣಿನ ವಾಸನೆ ಇರ್ಲಿಲ್ಲ ಅಂತಿದ್ರು ನಮ್ಮಜ್ಜಿ. ನಮ್ಮ ಹೆಪ್ಪು ನಿಮ್ಮ ಕಲ್ಲುತೊಟ್ಟಿಯಲ್ಲಿ ಕೂತು ಕೂತು ಆಮೇಲೆ ಬಂತಂತೆ."

ಅವಳು ಸುರಿದುಕೊಟ್ಟ ಗ್ಲಾಸನ್ನು ಎಡ್ವಿನ್ ಕುಡಿದ. ಈ ಸಲ ಕಣ್ಣು ಮುಚ್ಚಲಿಲ್ಲ. "ಇಲ್ಲ" ಎಂದ, ಹಗುರವಾಗಿ. "ಪೇರ್ ಹಣ್ಣು ಇಲ್ಲವೇ ಇಲ್ಲ." ಉಳಿದ ಅರ್ಧವನ್ನು ಹೆಸ್ಟರ್ ಕೈಗೆ ಕೊಟ್ಟ.

ಇಳಿಜಾರಿನಲ್ಲಿ ಖಾಲಿ ಗಾಡಿ ಗಡಗಡ ಎನ್ನುತ್ತಿತ್ತು. ಈಗ ಇಬ್ಬರೂ ಕುದುರೆಯ ಒಂದೇ ಬದಿಯಲ್ಲಿದ್ದರು. ಗುಡ್ಡದ ಕಲ್ಲಿನ ಗೋಡೆ ಬಂದಾಗ ಎಡ್ವಿನ್ ನಿಂತ. ಕೋಟಿನೊಳಗಿಂದ ತಾಮ್ರದ ಸೌಟು ತೆಗೆದ.

"ನನಗೆ ಕೋಪ ಇದೆ" ಅಂದ.

"ಇರ್ಲಿ."

"ಬೇಗ ಹೋಗಲ್ಲ. ಮದುವೆ ಆದ್ಮೇಲೂ ಇರತ್ತೆ."

ಹೆಸ್ಟರ್ ಅವನ ಮುಖ ನೋಡಿದಳು. ರೆಪ್ಪೆಯ ಮೇಲೆ ಇವತ್ತೂ ಮಾಲ್ಟ್‌ನ ಧೂಳಿತ್ತು. ಹೆಬ್ಬೆರಳಿನಿಂದ ಅದನ್ನು ಒರೆಸಿದಳು.

"ನನ್ನ ಮೇಲೆ ನನಗಿರೋ ಕೋಪಾನೂ ಹೋಗಲ್ಲ ಎಡ್ವಿನ್. ನಾನು ಮಾಡಿದ್ದನ್ನ ನೀನು ಮರೆತ್ರೂ ನಾನು ಮರೆಯಲ್ಲ."

ಮೊದಲ ಸಲ ಅವನನ್ನು ನೀನು ಎಂದಿದ್ದಳು. ಅವನ ಕಿವಿ ಕೆಂಪಾಯಿತು.

"ಮರೆಯೋನು ನಾನಲ್ಲ ಅಂತ ಈಗ ತಾನೇ ಗೊತ್ತಾಗಿದೆ" ಅಂದ. ಸೌಟನ್ನು ಅವಳ ಕೈಗಿಟ್ಟು ಬೆರಳುಗಳನ್ನು ಮಡಿಚಿದ. "ನಡಿ. ನಿನ್ನೆಯ ತೊಟ್ಟಿ ಉಕ್ಕಿರತ್ತೆ. ಮೊದಲು ನೊರೆ ತೆಗಿ, ಆಮೇಲೆ ಏನಿದ್ರೂ ಮಾತಾಡೋಣ."